ತೊಲಿ ತೂಕದ ರಾಣಿ

ಹಳೆಯ ನಾಣ್ಯ ಖರೆಯೋ ಖೊಟ್ಟಿಯೋ ಎಂದು ಹೇಳುವುದಕ್ಕೆ ಇತಿಹಾಸದ ಎಂ.ಎ. ಬೇಕಾಗಿಲ್ಲ. ಅರ್ಧ ಆಯುಷ್ಯ ಪವರ್ ಪ್ರೆಸ್ಸಿನ ಮುಂದೆ ನಿಂತು ದುಡಿದಿದ್ದರೆ ಸಾಕು. ಹುಬ್ಬಳ್ಳಿ ಬೈಪಾಸಿನ ಬದಿಯ ತಾರಿಹಾಳದಲ್ಲಿ ಅಂಥವರಿಗೆ ಬರವಿಲ್ಲ. ಇಲ್ಲಿಯ ಕೈಗಾರಿಕಾ ವಸಾಹತಿನ ಶೆಡ್ಡುಗಳಲ್ಲಿ ಬೆಳಗಿನಿಂದ ಲೇತ್ ತಿರುಗುತ್ತಿರುತ್ತದೆ, ಎರಕ ಹೊಯ್ಯುತ್ತಿರುತ್ತಾರೆ, ಡೈ ಇಳಿದು ತಗಡಿನ ಚೂರು ಹಾರುತ್ತಿರುತ್ತದೆ. ಅಲ್ಲಿ ಡೈ ಕೆಲಸದಲ್ಲಿಯೇ ತಲೆ ನೆರೆತ ಒಬ್ಬರಿದ್ದಾರೆ. ಎಲ್ಲರಿಗೂ ಅವರು ಕಾಕಾ. ವಾರವೆಲ್ಲ ಕಬ್ಬಿಣ, ಭಾನುವಾರ ಬೆಳ್ಳಿ. ಬ್ರಿಟಿಷರ ಕಾಲದ ನಾಣ್ಯ ಕೊಳ್ಳುತ್ತಾರೆ, ಕೂಡಿಡುತ್ತಾರೆ, ಮನಸ್ಸು ಬಂದರೆ ಮಾರುತ್ತಾರೆ. ಮನಸ್ಸು ಬರುವುದೇ ಅಪರೂಪ ಎಂಬುದು ಅವರ ಮನೆಯವರ ದೂರು.

ಕಾಕಾ ಕೈಗೆ ರೂಪಾಯಿ ಕೊಟ್ಟರೆ ಮೊದಲು ವಿಕ್ಟೋರಿಯಾ ರಾಣಿಯ ಮುಖ ನೋಡುವುದಿಲ್ಲ, ಅಂಚು ನೋಡುತ್ತಾರೆ. "ಮುಖಾ ಯಾರು ಬೇಕಾದ್ರೂ ಬರೀತಾರ, ಅಂಚು ಮಾಡೂದು ಕಷ್ಟ ಅದ" ಎನ್ನುವುದು ಅವರ ಶಾಸ್ತ್ರ. ಅದರಲ್ಲಿ ಹುರುಳಿದೆ. ಟಂಕಸಾಲೆಯೆಂದರೆ ಕೊನೆಗೂ ಒಂದು ಪ್ರೆಸ್ ಶಾಪೇ. ಬೆಳ್ಳಿಯ ಬಿಲ್ಲೆಯನ್ನು ಕಾಲರಿನೊಳಗೆ ಕೂಡ್ರಿಸಿ ಮೇಲೊಂದು ಕೆಳಗೊಂದು ಡೈ ಇಟ್ಟು ಒತ್ತುತ್ತಾರೆ. ಒತ್ತಿದ ಬೆಳ್ಳಿ ಎಲ್ಲ ದಿಕ್ಕಿಗೂ ಹರಿದು ಅಕ್ಷರದ ಮೂಲೆ ಮೂಲೆಗೂ ತುಂಬಿಕೊಳ್ಳುತ್ತದೆ, ಕಾಲರಿಗೆ ಒತ್ತಿಕೊಂಡು ಅಂಚಿನ ಗೆರೆಗಳೂ ಅದೇ ಏಟಿಗೆ ಮೂಡುತ್ತವೆ. ಖೊಟ್ಟಿ ಮಾಡುವವನು ಸಾಮಾನ್ಯವಾಗಿ ಒತ್ತುವುದಿಲ್ಲ, ಎರೆಯುತ್ತಾನೆ. ಎರೆದದ್ದರಲ್ಲಿ ಸೂಜಿಮೊನೆಯಷ್ಟು ತೂತು ಉಳಿಯುತ್ತವೆ, ಅಕ್ಷರದ ಅಂಚು ಮೊಂಡಾಗುತ್ತದೆ, ಸುತ್ತಲೂ ಎಲ್ಲಿಯೋ ಒಂದು ಕಡೆ ಎರಡು ಅಚ್ಚು ಕೂಡಿದ ಗೆರೆ ಇರುತ್ತದೆ, ಅಥವಾ ಅದನ್ನು ಕಾನಸು ಹಿಡಿದು ತಿಕ್ಕಿದ ಗುರುತು ಇರುತ್ತದೆ. ಫೌಂಡ್ರಿಯ ಹುಡುಗನಿಗೂ ಇದು ಕಾಣುತ್ತದೆ. ಅವನು ದಿನವೂ ನೋಡುವ ಜಾಬಿನಲ್ಲಿ ಇರುವ ದೋಷಗಳೇ ಇವು.

ಆಮೇಲೆ ತೂಕ. ಈಸ್ಟ್ ಇಂಡಿಯಾ ಕಂಪನಿ ಸರಕಾರ 1835ರಲ್ಲಿ ತನ್ನ ಸೀಮೆಗೆಲ್ಲ ಒಂದೇ ರೂಪಾಯಿ ಎಂದು ಕಾಯ್ದೆ ಮಾಡಿತು. ತೂಕ 180 ಗ್ರೇನು, ಅಂದರೆ 11.66 ಗ್ರಾಂ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಅದಕ್ಕೂ ಮೊದಲು ನಮ್ಮ ಕಡೆ ಬಾಗಲಕೋಟೆಯ ಮಲ್ಹಾರಶಾಹಿಯಂಥ ಹತ್ತೆಂಟು ಬಗೆಯ ರೂಪಾಯಿ ಓಡಾಡುತ್ತಿದ್ದವು. ಒಂದಕ್ಕೊಂದರ ವಟ್ಟ ಲೆಕ್ಕ ಹಾಕಿಯೇ ಸರಾಫರು ಹೊಟ್ಟೆ ಹೊರೆಯುತ್ತಿದ್ದರು. ಹೊಸ ರೂಪಾಯಿಯ ತೂಕವೇ ತೊಲಿಯ ತೂಕವೂ ಆಯಿತು. 80 ರೂಪಾಯಿ ತಕ್ಕಡಿಗೆ ಹಾಕಿದರೆ ಒಂದು ಸರಕಾರಿ ಸೇರು. ಹೀಗಾಗಿ ರಾಣಿ ಛಾಪಿನ ರೂಪಾಯಿ ಸಂತೆಯಲ್ಲಿ ದುಡ್ಡಾಗಿ, ಅಕ್ಕಸಾಲಿಗರ ಕಟ್ಟೆಯ ಮೇಲೆ ತೂಕದ ಕಲ್ಲಾಗಿ, ಎರಡೂ ಕಡೆ ದುಡಿದಿದೆ. ಅಕ್ಕಸಾಲಿಗರ ಡಬ್ಬಿಯಿಂದ ಬಂದ ರೂಪಾಯಿಗೆ ಕಾಕಾ ಹೆಚ್ಚು ಬೆಲೆ ಕೊಡುತ್ತಾರೆ. ಅದು ಕೈಯಿಂದ ಕೈಗೆ ಹೋಗಿ ಸವೆದಿರುವುದಿಲ್ಲವಂತೆ.

ನಾಣ್ಯದ ಮೇಲಿನ ಇಸವಿಯನ್ನು ನಂಬುವುದು ಮಾತ್ರ ಹೊಸಬರ ಲಕ್ಷಣ. 1840 ಎಂದಿರುವ ವಿಕ್ಟೋರಿಯಾ ರೂಪಾಯಿಗಳನ್ನು ಮುಂದೆ ಇಪ್ಪತ್ತು ವರ್ಷ ಅದೇ ಇಸವಿ ಹಾಕಿ ಒತ್ತಿದರು. ಕಂಪನಿ ಹೋಗಿ ರಾಣಿಯ ಆಳ್ವಿಕೆ ಬಂದ ಮೇಲೆ 1862ರ ರೂಪಾಯಿ ಬಂತು. ಅದೂ 1874ರವರೆಗೆ 1862 ಆಗಿಯೇ ಉಳಿಯಿತು. ಯಾವ ವರ್ಷ ಒತ್ತಿದ್ದು ಎಂದು ತಿಳಿಯಲು ಭೂತಗನ್ನಡಿ ಹಿಡಿದು ಅದರ ಮೇಲಿನ ಚುಕ್ಕೆ ಎಣಿಸಬೇಕು. ಮನೆಯವರು ಮಾತಾಡಿಸಿದರೆ ಎಣಿಕೆ ತಪ್ಪುತ್ತದೆ, ಮತ್ತೆ ಮೊದಲಿನಿಂದ. ಸಂಗ್ರಾಹಕರ ಮನೆಯಲ್ಲಿ ಜಗಳ ಹುಟ್ಟುವುದು ದುಡ್ಡಿಗಲ್ಲ, ಚುಕ್ಕೆಗೆ.

ನನಗೆ ಇಷ್ಟವಾದದ್ದು 1911ರ ರೂಪಾಯಿ. ಐದನೆಯ ಜಾರ್ಜ್ ಪಟ್ಟಕ್ಕೆ ಬಂದಾಗ ಹೊರಟ ಮೊದಲ ನಾಣ್ಯ. ದೊರೆಯ ನಿಲುವಂಗಿಯ ಮೇಲಿನ ಪದಕಮಾಲೆಯಲ್ಲಿ ಒಂದು ಆನೆ ಬಿಡಿಸಿದ್ದರು. ಸೊಂಡಿಲು ಗಿಡ್ಡ, ಕಾಲು ಗಿಡ್ಡ. ಜನರ ಕಣ್ಣಿಗೆ ಅದು ಹಂದಿಯಾಗಿ ಕಂಡಿತು. ಹಂದಿಯೆಂದರೆ ಆಗದವರ ಜೇಬಿಗೂ ಅದೇ ರೂಪಾಯಿ ಹೋಗಬೇಕಲ್ಲ, ಗದ್ದಲವಾಯಿತು. ಒತ್ತಿದ್ದ 94 ಲಕ್ಷದಲ್ಲಿ ಸುಮಾರು 7 ಲಕ್ಷ ಹೊರಗೆ ಹೋಗಿದ್ದವು. ಉಳಿದದ್ದನ್ನು ಕರಗಿಸಿ, ಆನೆಯ ಸೊಂಡಿಲು ತಿದ್ದಿ, 1912ರಿಂದ ಹೊಸದಾಗಿ ಒತ್ತಿದರು. ಸೂರ್ಯ ಮುಳುಗದ ಸಾಮ್ರಾಜ್ಯ ಉಗುರಿನಷ್ಟು ದೊಡ್ಡದಿಲ್ಲದ ಒಂದು ಸೊಂಡಿಲಿಗೆ ತಲೆಬಾಗಿದ್ದು ನೆನೆದರೆ ನನಗೆ ಈಗಲೂ ಖುಷಿ. ಕಾಕಾಗೆ ಇದರಲ್ಲಿ ನಗು ಬರುವುದಿಲ್ಲ. ಅವರದು ಡೈ ಮೇಕರನ ದುಃಖ: "ಅಂವ ಏನ್ ಬೈಸ್ಕೊಂಡಿರ್ಬೇಕ್ರೀ ಸಾಹೇಬ್ರ ಕಡಿಂದ!"

ಒಂದು ಭಾನುವಾರ ಊರೊಳಗಿನ ಹುಡುಗನೊಬ್ಬ ಮೊಮ್ಮಗನ ಹಕ್ಕಿನಿಂದ ಅಜ್ಜಿಯ ಪೆಟ್ಟಿಗೆಯ ರೂಪಾಯಿ ತಂದಿದ್ದ. ಹೊಸ ತಟ್ಟೆಯಂತೆ ಫಳಫಳ ಹೊಳೆಯುತ್ತಿದ್ದವು. ಕಾಕಾ ಮುಖ ಸಣ್ಣದಾಯಿತು.

"ಇದನ್ನ ತಿಕ್ಕಿದವ್ರು ಯಾರಪಾ?"

"ನಮ್ಮಜ್ಜಿ ರೀ. ದೀಪಾವಳಿ ಲಕ್ಷ್ಮೀ ಪೂಜಾಕ್ಕ ಇಡ್ತೀವಲ್ರೀ, ವರ್ಷಾ ಹುಣಸಿಹಣ್ಣು ಹಚ್ಚಿ ತಿಕ್ತಾಳ."

"ಎಷ್ಟು ವರ್ಷದಿಂದ?"

"ಆಕಿ ಲಗ್ನ ಆಗಿ ಬಂದಾಗಿಂದ ರೀ."

ವಿಕ್ಟೋರಿಯಾಳ ಮೂಗು ಹೋಗಿತ್ತು, ಕಿರೀಟ ಮುಂಡಾಸಿನ ಹಾಗಾಗಿತ್ತು. ವ್ಯಾಪಾರದ ಲೆಕ್ಕದಲ್ಲಿ ಅಜ್ಜಿ ಪ್ರತಿ ದೀಪಾವಳಿ ಅಮಾವಾಸ್ಯೆಗೆ ಒಂದಿಷ್ಟು ಬೆಲೆ ತಿಕ್ಕಿ ತೊಳೆದಿದ್ದಳು. ಬೆಳ್ಳಿಯ ಮೇಲೆ ಕಾಲಕ್ರಮದಲ್ಲಿ ಕೂಡುವ ಕಂದು, ನೀಲಿಯ ಪೊರೆಗೇ ಸಂಗ್ರಾಹಕರು ದುಡ್ಡು ಕೊಡುವುದು. ಅದು ಕೊಳೆಯಲ್ಲ, ನಾಣ್ಯಕ್ಕೆ ಯಾರೂ ಕೈಹಚ್ಚಿಲ್ಲ ಎಂಬುದಕ್ಕೆ ಸಾಕ್ಷಿ. ಆದರೆ ಲಕ್ಷ್ಮಿಯನ್ನು ಮಸಿ ಮುಖದಲ್ಲಿ ಮಣೆಯ ಮೇಲೆ ಕೂಡ್ರಿಸು ಎಂದು ಆ ಅಜ್ಜಿಗೆ ಹೇಳುವ ಧೈರ್ಯ ಯಾರಿಗಿದೆ? ಕಾಕಾ ಬೆಳ್ಳಿಯ ತೂಕದ ಬೆಲೆ ಹೇಳಿದರು. ಹುಡುಗ ಒಪ್ಪದೆ ಹೋದ. ಒಳ್ಳೆಯದೇ ಆಯಿತು ಎಂದುಕೊಂಡೆ. ಆ ರೂಪಾಯಿಗಳ ಕೆಲಸ ಆ ಮನೆಯಲ್ಲಿ ಇನ್ನೂ ಮುಗಿದಿರಲಿಲ್ಲ.

ತೂಕದ ಬೆಲೆಯಲ್ಲೂ ಒಂದು ಮೋಸದ ಗುಂಡಿಯಿದೆ. ಎರಡನೆಯ ಮಹಾಯುದ್ಧದಲ್ಲಿ ಬೆಳ್ಳಿ ಸಾಲದೆ ಬಂದಾಗ, 1940ರಲ್ಲಿ ಸರಕಾರ ರೂಪಾಯಿಯಲ್ಲಿ ಬೆಳ್ಳಿಯ ಪಾಲನ್ನು ಅರ್ಧಕ್ಕೆ ಇಳಿಸಿತು. ಗಾತ್ರ ಅದೇ, ತೂಕ ಅದೇ, ದೊರೆ ಆರನೆಯ ಜಾರ್ಜ್. ಮೊದಲಿನ ರೂಪಾಯಿಯಲ್ಲಿ 10.69 ಗ್ರಾಂ ಬೆಳ್ಳಿಯಿದ್ದರೆ ಇದರಲ್ಲಿ 5.83. ಉಳಿದದ್ದು ತಾಮ್ರ, ನಿಕ್ಕೆಲ್, ಸತು. ಖೊಟ್ಟಿ ಮಾಡುವವರಿಗೆ ತೊಂದರೆಯಾಗಲೆಂದು ಅಂಚಿನ ಗೆರೆಗಳ ನಡುವೆ ಒಂದು ತೋಡು ಕೊರೆದರು. ಕಾಕಾ ಅಂಚಿನ ಶಾಸ್ತ್ರಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಡ. ಹಳೆಯ ಒಳ್ಳೆಯ ಬೆಳ್ಳಿಯ ರೂಪಾಯಿಗಳನ್ನು ಸರಕಾರ ಯುದ್ಧದ ವರ್ಷಗಳಲ್ಲಿಯೇ ಹಿಂದಕ್ಕೆ ಕರೆಯಿತು. ಜನ ಎಲ್ಲವನ್ನೂ ಕೊಡಲಿಲ್ಲ. ಕೊಟ್ಟಿದ್ದರೆ ಅಜ್ಜಿಯ ಪೆಟ್ಟಿಗೆಯಲ್ಲಿ ಏನಿರುತ್ತಿತ್ತು?

ಕೊನೆಗೆ 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಬರೀ ನಿಕ್ಕೆಲ್. ಒಂದು ಕಡೆ ದೊರೆ, ಇನ್ನೊಂದು ಕಡೆ ಹುಲಿ. "ಆಯಸ್ಕಾಂತಕ್ಕ ಅಂಟಿದ್ರ ಖೊಟ್ಟಿ" ಎಂದು ಯಾರೋ ಹೇಳಿದ್ದನ್ನು ಕೇಳಿ, ಈ ಹುಲಿಯನ್ನು ಬಿಸಾಕಿದವರಿದ್ದಾರೆ. ಶುದ್ಧ ನಿಕ್ಕೆಲ್ ಆಯಸ್ಕಾಂತಕ್ಕೆ ಅಂಟಲೇಬೇಕು, ಅಂಟದಿದ್ದರೇ ಅನುಮಾನಪಡಬೇಕು. 1943ರಿಂದ ಬಂದ ತೂತಿನ ಪೈಸೆಯಂತೂ ತಾರಿಹಾಳಕ್ಕೆಂದೇ ಹುಟ್ಟಿದ್ದು. ತಾಮ್ರ ಉಳಿಸಲೆಂದು ನಡುವೆ ತೂತು ಹೊಡೆದರು. ವಾಷರ್ ಬೇಕಾದವರಿಗೆ ಪೈಸೆಗಿಂತ ಅಗ್ಗದ ವಾಷರ್ ಎಲ್ಲಿ ಸಿಗಬೇಕು? ಕಾಕಾ ಬಳಿ ಇರುವ ಒಂದರಲ್ಲಿ ನಟ್ಟು ಬಿಗಿದ ಆರು ಮೂಲೆಯ ಗುರುತು ಇನ್ನೂ ಇದೆ. ಸಂಗ್ರಾಹಕರು ಅದನ್ನು ಮುಟ್ಟುವುದಿಲ್ಲ. ಕಾಕಾ ಅದನ್ನು ಮಾರುವುದಿಲ್ಲ.

ಹೀಗೆಯೇ ಮಾರುಕಟ್ಟೆಯಲ್ಲಿ ಕಿಮ್ಮತ್ತಿಲ್ಲದ್ದು ಕೊಂಡಿ ಹಚ್ಚಿದ ನಾಣ್ಯ. ಧಾರವಾಡ ಸೀಮೆಯ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳು ರೂಪಾಯಿ, ಎಂಟಾಣೆ, ಪಾವಲಿಗಳಿಗೆ ಬೆಸುಗೆ ಹಾಕಿಸಿ ಕೊರಳಿಗೆ ಧರಿಸಿದರು, ಉಡುಪಿಗೆ ಹೊಲಿದರು. ಮೈಮೇಲೆಯೇ ಬ್ಯಾಂಕು. ಬೆಸುಗೆ ಬಿದ್ದ ಗಳಿಗೆಗೆ ನಾಣ್ಯ ಸಂಗ್ರಾಹಕರ ಪಟ್ಟಿಯಿಂದ ಹೊರಗೆ. ಯಾರೂ ಮುಟ್ಟದ ರೂಪಾಯಿಗೆ ಸಾವಿರಗಟ್ಟಲೆ, ಮೂರು ತಲೆಮಾರು ಕುಣಿದ ರೂಪಾಯಿಗೆ ಕರಗಿಸುವ ದರ. ವ್ಯಾಪಾರಕ್ಕೆ ಅದರದೇ ನ್ಯಾಯವಿದೆ, ಒಪ್ಪುತ್ತೇನೆ. ಆದರೆ ನಾಣ್ಯ ಹುಟ್ಟಿದ್ದು ಮುಟ್ಟಿಸಿಕೊಳ್ಳುವುದಕ್ಕೆ. ಒಂದು ಸಲವೂ ಸಂತೆ ಕಾಣದೆ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಪ್ಪಾದ ರೂಪಾಯಿಗಿಂತ ಕೊಂಡಿಯ ರೂಪಾಯಿಯೇ ನನಗೆ ಹೆಚ್ಚಿನದು. ಹೀಗೆ ಹೇಳುವವನ ಕೈಗೆ ಅಂಗಡಿ ಕೊಡಬಾರದು ಎಂಬುದು ಕಾಕಾ ಅಭಿಪ್ರಾಯ.

ನಾವು ಬ್ರಿಟಿಷರ ನಾಣ್ಯ ಕೂಡಿಸುವ ಬಹಳ ಮೊದಲೇ ಅವರಲ್ಲೊಬ್ಬ ನಮ್ಮ ನಾಣ್ಯ ಕೂಡಿಸಿದ್ದ. ಅದೂ ಇದೇ ಧಾರವಾಡದಲ್ಲಿ ನೌಕರಿ ಮಾಡಿದವನು. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಸತ್ತ. ಅವನ ಕೈಕೆಳಗಿನ ಎಲಿಯಟ್ ಮತ್ತು ಸ್ಟೀವನ್‌ಸನ್ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕರು. ಜಗಳದಲ್ಲಿ ಖಜಾನೆಯ ಮಾತೂ ಇತ್ತು. ವಾಲ್ಟರ್ ಎಲಿಯಟ್‌ಗೆ ಆಗ ಇಪ್ಪತ್ತೊಂದು ವರ್ಷ. ಜೀವಸಹಿತ ಬಿಡುಗಡೆಯಾದ ಆ ಹುಡುಗ ಮುಂದೆ ಈ ನಾಡನ್ನು ದ್ವೇಷಿಸಬಹುದಿತ್ತು. ಬದಲಿಗೆ ಇಲ್ಲಿಯ ಕಲ್ಲುಗಳನ್ನು ಓದಿಸಿ ಸುಮಾರು ಆರುನೂರು ಶಾಸನಗಳ ನಕಲು ಮಾಡಿಸಿದ. ವರಹ, ಪದ್ಮಟಂಕ, ಗದ್ಯಾಣಗಳನ್ನು ಕೂಡಿಸಿದ. ಮುಪ್ಪಿನಲ್ಲಿ ಕಣ್ಣು ಹೆಚ್ಚುಕಡಿಮೆ ಹೋದ ಮೇಲೆ ದಕ್ಷಿಣ ಭಾರತದ ನಾಣ್ಯಗಳ ಮೇಲೆ ಪುಸ್ತಕ ಬರೆಸಿದ. 1886ರಲ್ಲಿ ಅದು ಲಂಡನ್ನಿನಲ್ಲಿ ಅಚ್ಚಾಯಿತು, ಮರುವರ್ಷ ಅವನು ತೀರಿಕೊಂಡ. ನಮ್ಮ ವರಹಗಳು ಅವನ ಹಿಂದೆ ಲಂಡನ್ನಿಗೆ ಹೋದವು. ಅವನ ರಾಣಿಯ ರೂಪಾಯಿಗಳು ತಾರಿಹಾಳದಲ್ಲಿ ಉಳಿದವು. ವಟ್ಟ ಲೆಕ್ಕ ಹಾಕಿದರೆ ನಷ್ಟ ನಮಗೇ, ವರಹಗಳು ಬಂಗಾರದವು.

ಬಂಗಾರ ಎಂದಾಗ ಸಾವರಿನ್ ನೆನಪಾಗುತ್ತದೆ. ಇಂಗ್ಲೆಂಡಿನ ಆ ಬಂಗಾರದ ನಾಣ್ಯಕ್ಕೆ 1899ರಲ್ಲಿ ಇಲ್ಲಿಯೂ 15 ರೂಪಾಯಿಯಂತೆ ಕಾನೂನಿನ ಮಾನ್ಯತೆ ಸಿಕ್ಕಿತು. 1918ರಲ್ಲಿ ಮುಂಬಯಿಯಲ್ಲಿಯೇ ಸುಮಾರು 13 ಲಕ್ಷ ಸಾವರಿನ್ ಒತ್ತಿದರು. ಇಸವಿಯ ಮೇಲೆ ಚಿಕ್ಕ ‘ಐ’ ಅಕ್ಷರ ಅವುಗಳ ಗುರುತು. ಕಾಕಾ ವ್ಯಾಪಾರ ಅಲ್ಲಿಯವರೆಗೆ ಏರುವುದಿಲ್ಲ.

ಅವರ ಬಾಗಿಲಿಗೆ ಹೆಚ್ಚಾಗಿ ಬರುವುದು ಬೇರೆಯೇ ಸರಕು. ಒಂದು ಕಡೆ ರಾಮ, ಸೀತೆ, ಲಕ್ಷ್ಮಣ ಅಥವಾ ಹನುಮಂತ. ಇನ್ನೊಂದು ಕಡೆ ‘ಈಸ್ಟ್ ಇಂಡಿಯಾ ಕಂಪನಿ, ಯುಕೆಎಲ್, ಒಂದಾಣೆ, 1818’. ಕೆಲವದರ ಮೇಲೆ 1616. ಕಂಪನಿ ಇಂಥ ನಾಣ್ಯವನ್ನು ಎಂದೂ ಹೊರಡಿಸಲಿಲ್ಲ. ಹಿತ್ತಾಳೆ, ತಾಮ್ರದಲ್ಲಿ ಮಾಡಿ ಜಾತ್ರೆಯ ಬದಿಯಲ್ಲಿ ಮಾರುವ ಬಿಲ್ಲೆಗಳು ಅವು. ದೇವರ ಮನೆಯಲ್ಲಿ ಇಟ್ಟುಕೊಂಡರೆ ತಕರಾರಿಲ್ಲ. ತೊಂದರೆ ಶುರುವಾಗುವುದು ಇವು ಅಕ್ಕಿ ಎಳೆಯುತ್ತವೆ, ಇವುಗಳಲ್ಲಿ ಇರಿಡಿಯಂ ಇದೆ, ವಿದೇಶದ ಕಂಪನಿ ಕೋಟಿ ಕೊಡುತ್ತದೆ ಎಂಬ ಮಾತು ಬಂದಾಗ. ರೈಸ್ ಪುಲ್ಲಿಂಗ್ ಎಂಬ ಈ ಆಟದಲ್ಲಿ ಹೊಲ ಮಾರಿದವರಿದ್ದಾರೆ. ಕಾಕಾ ಇಂಥವರನ್ನು ಕೂಡ್ರಿಸಿ ಚಹಾ ಕುಡಿಸಿ, ಬಿಲ್ಲೆಯ ಅಂಚು ತೋರಿಸಿ, "ಕೋಟಿ ಬಾಳೂ ವಸ್ತುಕ್ಕ ಇಷ್ಟು ಸುಮಾರ ಫಿನಿಶಿಂಗ್ ಮಾಡ್ತಾರೇನ್ರೀ?" ಎಂದು ಕೇಳುತ್ತಾರೆ. ಕೆಲವರು ನಂಬುತ್ತಾರೆ. ಕೆಲವರು, ಈ ಮುದುಕನಿಗೆ ನಮ್ಮ ಬಿಲ್ಲೆಯ ಮೇಲೆ ಕಣ್ಣಿದೆ ಎಂದುಕೊಂಡು ಚಹಾ ಅರ್ಧಕ್ಕೆ ಬಿಟ್ಟು ಏಳುತ್ತಾರೆ.

ವಿದೇಶಕ್ಕೆ ಮಾರುವ ಮಾತೇ ತಪ್ಪು. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು, ಅದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಐದನೆಯ ಜಾರ್ಜನ ಬೆಳ್ಳಿಯ ರೂಪಾಯಿ 1922ಕ್ಕೆ ನಿಂತಿತು, ಆದ್ದರಿಂದ ಅವೆಲ್ಲವೂ ಈಗ ಆ ಸಾಲಿಗೆ ಸೇರಿವೆ. ಪಾಯ ತೋಡುವಾಗ ಗಡಿಗೆ ಸಿಕ್ಕರೆ 1878ರ ನಿಧಿ ಕಾಯ್ದೆಯಿದೆ, ಜಿಲ್ಲಾಧಿಕಾರಿಗೆ ತಿಳಿಸಬೇಕು. ತಾರಿಹಾಳದಲ್ಲಿ ದಿನಕ್ಕೊಂದು ಶೆಡ್ಡು ಏಳುತ್ತಿರುವಾಗ ಇದನ್ನು ಹೇಳಿಡುವುದು ಒಳ್ಳೆಯದು.

ನಿಮ್ಮ ಮನೆಯಲ್ಲಿಯೂ ಒಂದೆರಡು ರಾಣಿ ರೂಪಾಯಿ ಇದ್ದೇ ಇರುತ್ತವೆ. ಮಾರುವ ಮನಸ್ಸಿದ್ದರೆ ತಿಕ್ಕಬೇಡಿ. ಪೂಜೆಗೆ ಇಡುವುದಾದರೆ ಧಾರಾಳವಾಗಿ ತಿಕ್ಕಿ. ತೂಗಿಸಿ ನೋಡಿ, ಅಂಚು ನೋಡಿ, ಇಬ್ಬರು ವ್ಯಾಪಾರಿಗಳಿಗಾದರೂ ತೋರಿಸಿ. ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ ಎಂದು ಫೋನು ಬಂದು, ಮೊದಲು ಶುಲ್ಕವೋ ತೆರಿಗೆಯೋ ಕಟ್ಟಿರಿ ಎಂದರೆ ಫೋನು ಇಟ್ಟುಬಿಡಿ. ಅವರು ರಿಸರ್ವ್ ಬ್ಯಾಂಕಿನ ಹೆಸರು ಹೇಳಿದರೂ ಇಡಿ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಇದಕ್ಕೆ ಯಾರಿಂದಲೂ ಶುಲ್ಕ ಕೇಳುವುದಿಲ್ಲ ಎಂದು ಆ ಬ್ಯಾಂಕು 2021ರ ಆಗಸ್ಟ್‌ನಲ್ಲಿಯೇ ಪ್ರಕಟಣೆ ಕೊಟ್ಟಿದೆ.