ದಾದಿಯ ಹೆಸರಿನ ಬೆಟ್ಟ

ಬೆಟ್ಟಿ ಅಂತ ಒಂದು ಬೆಟ್ಟ ಇದೆ. ಪ್ರಾಸಕ್ಕೆ ನಾನು ಕಟ್ಟಿದ್ದಲ್ಲ, ನಿಜವಾದ ಹೆಸರೇ. ಇರೋದು ಅಂಟಾರ್ಕ್ಟಿಕಾದಲ್ಲಿ, 85 ಡಿಗ್ರಿ ದಕ್ಷಿಣ ಅಕ್ಷಾಂಶದ ಹತ್ತಿರ, ರಾಸ್ ಹಿಮಹಾಸು ಮುಗಿದು ಪರ್ವತಗಳು ಶುರುವಾಗುವ ಅಂಚಿನಲ್ಲಿ. ಬೆಟ್ಟ ಅನ್ನೋದೂ ಸ್ವಲ್ಪ ಉದಾರವಾಯ್ತು. ಸುತ್ತಲಿನ ದೈತ್ಯ ಶಿಖರಗಳ ಎದುರು ಇದೊಂದು ಪುಟ್ಟ ಕಲ್ಲುದಿಬ್ಬ.

ಕಳೆದ ವರ್ಷ ಆಫೀಸ್ ಕೆಲಸದ ಮೇಲೆ ಓಸ್ಲೋಗೆ ಹೋದಾಗ ಅಲ್ಲಿನ ಮ್ಯೂಸಿಯಮ್ಮಿನಲ್ಲಿರುವ ‘ಫ್ರಾಮ್’ ಹಡಗು ಹತ್ತಿ ಬಂದಿದ್ದೆ. ಅದರ ಕ್ಯಾಬಿನ್ನುಗಳಿಗಿಂತ ನಮ್ಮ ಸ್ಲೀಪರ್ ಬಸ್ಸೇ ವಾಸಿ! ಇದೇ ಹಡಗಿನಲ್ಲಿ ನಾರ್ವೆಯ ರೋಆಲ್ಡ್ ಅಮುಂಡ್ಸೆನ್ ಅಂಟಾರ್ಕ್ಟಿಕಾಕ್ಕೆ ಹೋದದ್ದು. ಊರಿಗೆ ಬಂದ ಮೇಲೆ ಆತ ಬರೆದ ಪುಸ್ತಕ ಹಿಡಿದು ಕೂತೆ. ಬೆಟ್ಟಿ ಸಿಕ್ಕಿದ್ದು ಅದರಲ್ಲಿ.

1911ರ ನವೆಂಬರ್. ನಾಯಿಗಳು ಎಳೆಯುವ ಸ್ಲೆಜ್‌ಗಳೊಂದಿಗೆ ಐವರು ದಕ್ಷಿಣ ಧ್ರುವದತ್ತ ಹೊರಟಿದ್ದಾರೆ. ಯಾರೂ ಕಂಡಿರದ ಪರ್ವತಸಾಲು ಎದುರಾಯ್ತು. ಎಲ್ಲಕ್ಕೂ ಹೆಸರು ಬೇಕು. ಖರ್ಚಿಲ್ಲದೆ ಋಣ ತೀರಿಸೋಕೆ ಇದಕ್ಕಿಂತ ಒಳ್ಳೆ ಅವಕಾಶ ಎಲ್ಲಿ ಸಿಗುತ್ತೆ? ಇಡೀ ಸಾಲಿಗೆ ನಾರ್ವೆಯ ರಾಣಿ ಮಾಡ್ ಹೆಸರು. ಹಡಗು ಬಿಟ್ಟುಕೊಟ್ಟ ನಾನ್ಸೆನ್‌ಗೆ 4,070 ಮೀಟರಿನ ಶಿಖರ. ದುಡ್ಡು ಕೊಟ್ಟು ಕೈಹಿಡಿದ ಬ್ಯೂನಸ್ ಐರಿಸ್‌ನ ವ್ಯಾಪಾರಿ ಪೆಡ್ರೊ ಕ್ರಿಸ್ಟೋಫರ್ಸನ್‌ಗೆ ಇನ್ನೊಂದು.

ಈ ದೊಡ್ಡವರ ಮಧ್ಯೆ ಬೆಟ್ಟಿ ಯಾರು? ಅಮುಂಡ್ಸೆನ್‌ನನ್ನು ಚಿಕ್ಕಂದಿನಲ್ಲಿ ನೋಡಿಕೊಂಡ ದಾದಿ. ಆಮೇಲೆ ಆತನ ಮನೆಯನ್ನೂ ಆಕೆಯೇ ನೋಡಿಕೊಂಡಳು. ಕೊಡೋಕೆ ಆಕೆಯ ಹತ್ತಿರ ಹಡಗೂ ಇರಲಿಲ್ಲ, ಹಣವೂ ಇರಲಿಲ್ಲ.

ಆದರೆ ಆಕೆಗೆ ಸಿಕ್ಕ ಜಾಗ ನೋಡಿ. 1910ರ ಸೆಪ್ಟೆಂಬರಿನಲ್ಲಿ ಮದೀರಾ ದ್ವೀಪ ಬಿಟ್ಟ ಮೇಲೆ ಇವರು ಬರಿನೆಲದ ಮೇಲೆ ಕಾಲಿಟ್ಟದ್ದೇ ಇಲ್ಲ. ಮೊದಲು ಸಮುದ್ರ, ಆಮೇಲೆ ಬರೀ ಹಿಮ. ಚಳಿಗಾಲ ಕಳೆದ ಗುಡಿಸಲೂ ತೇಲುವ ಹಿಮಹಾಸಿನ ಮೇಲೆಯೇ. ಹದಿನಾಲ್ಕು ತಿಂಗಳ ನಂತರ ಕಾಲಿಗೆ ಕಲ್ಲು-ನೆಲ ತಗುಲಿದ್ದು ಬೆಟ್ಟಿಯ ಮೇಲೆ. ನಾನ್ಸೆನ್ ಶಿಖರಕ್ಕಿಂತ ಇದೇ ದೊಡ್ಡ ಮರ್ಯಾದೆ ಅಂತ ನನಗನಿಸುತ್ತೆ.

ಡಿಸೆಂಬರ್ 14ರಂದು ಧ್ರುವ ಮುಟ್ಟಿ, 1912ರ ಜನವರಿಯಲ್ಲಿ ವಾಪಸ್ ಬರುವಾಗ ಮತ್ತೆ ಇಲ್ಲಿಗೇ ಬಂದರು. ಕಲ್ಲು ಪೇರಿಸಿ ಗುಡ್ಡೆ ಕಟ್ಟಿದರು. ಅದರೊಳಗೆ 17 ಲೀಟರ್ ಸೀಮೆಎಣ್ಣೆ, ಬೆಂಕಿಪೊಟ್ಟಣ, ಧ್ರುವ ಮುಟ್ಟಿದ್ದಕ್ಕೊಂದು ಚೀಟಿ ಇಟ್ಟರು. ತಾವು ದಾರಿಯಲ್ಲೇ ಸತ್ತರೂ ಸುದ್ದಿ ಉಳಿಯಲಿ ಅಂತ.

ಸಾಯಲಿಲ್ಲ, ಐವರೂ ಮರಳಿದರು. ಅಮುಂಡ್ಸೆನ್ ಕಣ್ಮರೆಯಾಗಿದ್ದು 1928ರಲ್ಲಿ, ಭೂಮಿಯ ಇನ್ನೊಂದು ತುದಿಯಲ್ಲಿ. ಆರ್ಕ್ಟಿಕ್‌ನಲ್ಲಿ ಸಿಕ್ಕಿಬಿದ್ದವರನ್ನು ಹುಡುಕಲು ಹೋದ ಆತನ ವಿಮಾನ ತಿರುಗಿ ಬರಲಿಲ್ಲ. ಮರುವರ್ಷ ಡಿಸೆಂಬರಿನಲ್ಲಿ ಅಮೆರಿಕದ ಭೂವಿಜ್ಞಾನಿ ಲಾರೆನ್ಸ್ ಗೌಲ್ಡ್ ತಂಡ ಬೆಟ್ಟಿ ಹತ್ತಿತು. ಕಲ್ಲುಗುಡ್ಡೆ ಹಾಗೇ ನಿಂತಿತ್ತು. ಒಳಗೆ ಆತನ ಕೈಬರಹದ ಚೀಟಿ.