ಹಾಯಿದೋಣಿಯ ವೈರಿಂಗು

ಹಾಯಿದೋಣಿಗೆ ಕರೆಂಟು ಯಾಕೆ, ಗಾಳಿ ಸಾಕಲ್ಲ ಎಂದು ನನ್ನ ಹೆಂಡತಿಯೇ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ದೋಣಿಯನ್ನು ಮುಂದಕ್ಕೆ ಒಯ್ಯುವುದು ಗಾಳಿಯೇ, ಅದರಲ್ಲಿ ಅನುಮಾನವಿಲ್ಲ. ಆದರೆ ಕತ್ತಲಾದ ಮೇಲೆ ಮುಂಬಯಿ ಬಂದರಿನಲ್ಲಿ ದೀಪವಿಲ್ಲದ 26 ಅಡಿ ದೋಣಿಯೊಂದು ನ್ಹಾವಾ ಶೇವಾಕ್ಕೆ ಹೊರಟ ಕಂಟೇನರ್ ಹಡಗಿನವನ ಕಣ್ಣಿಗೆ ಬೀಳುವುದು ಕಷ್ಟ. ಮುಂದೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿ. ಈ ಮೂರು ದೀಪ ನೋಡಿಯೇ ಅವನು ನೀವು ಯಾವ ಕಡೆ ಹೊರಟಿದ್ದೀರಿ ಎಂದು ಲೆಕ್ಕ ಹಾಕಬೇಕು. ಅದಲ್ಲದೆ ರೇಡಿಯೋ, ಆಳ ತೋರಿಸುವ ಮೀಟರು, ತಳದಲ್ಲಿ ಸೇರುವ ನೀರನ್ನು ಹೊರಗೆಸೆಯುವ ಬಿಲ್ಜ್ ಪಂಪು, ಎಂಜಿನ್ನಿನ ಸ್ಟಾರ್ಟರು. ಎಲ್ಲಕ್ಕೂ 12 ವೋಲ್ಟಿನ ಬ್ಯಾಟರಿಯೇ ದಿಕ್ಕು.

ನಾನು ಕುಮಟಾ ಕಡೆಯವನು. ಠಾಣೆಯ ಕಾರ್ಖಾನೆಯೊಂದರಲ್ಲಿ 34 ವರ್ಷ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಮಾಡಿ ನಿವೃತ್ತನಾದೆ. ನಮ್ಮ ಸೊಸೈಟಿಯ ಮೂರನೇ ಮಹಡಿಯಲ್ಲಿ ಮರ್ಚೆಂಟ್ ನೇವಿಯ ನಿವೃತ್ತ ಕ್ಯಾಪ್ಟನ್ ಒಬ್ಬರಿದ್ದಾರೆ, ಮರಾಠಿಯವರು. 1980ರ ದಶಕದ ಫೈಬರ್ ದೋಣಿಯೊಂದನ್ನು ಹಳೆಯದರಲ್ಲಿ ಕೊಂಡಿದ್ದರು. ಮಳೆಗಾಲಕ್ಕೆ ದೋಣಿಯನ್ನು ದಡಕ್ಕೆ ಏರಿಸಿ, ಹಾಯಿಕಂಬ ಇಳಿಸಿ, ತಾಡಪತ್ರಿ ಹೊದಿಸಿ ಇಟ್ಟಾಗ, "ಜಿಪಿಎಸ್ ಆಗಾಗ ಆಫ್ ಆಗುತ್ತದೆ, ಸ್ವಲ್ಪ ನೋಡಿಕೊಡಿ" ಎಂದರು. ಅರ್ಧ ದಿನದ ಕೆಲಸ ಎಂದು ಅವರ ಅಂದಾಜು. ಹಿಡಿದದ್ದು ಐದು ವಾರ.

ಹಳೆಯ ದೋಣಿಯ ವೈರಿಂಗು ಹಳೆಯ ಚಾಳಿನ ಮೀಟರ್ ರೂಮಿನ ಹಾಗೆ. ಒಬ್ಬೊಬ್ಬ ಮಾಲಕನೂ ತನಗೆ ಬೇಕಾದ್ದನ್ನು ಸೇರಿಸುತ್ತ ಹೋಗಿರುತ್ತಾನೆ, ಹಿಂದಿನವನದ್ದನ್ನು ಯಾರೂ ತೆಗೆದಿರುವುದಿಲ್ಲ. ಪ್ಯಾನೆಲ್ ಬಿಚ್ಚಿದಾಗ ಹೊರಗೆ ಬಿದ್ದದ್ದು ಒಂದು ಗಂಟು. ಅದರಲ್ಲಿ ಮನೆಗೆ ಹಾಕುವ ಕೆಂಪು–ಕಪ್ಪು ವೈರು, ಸ್ಪೀಕರಿನ ವೈರು, ಎಲ್ಲಿಂದಲೋ ಬಂದು ಎಲ್ಲಿಯೂ ಹೋಗದ ಒಂದು ಟೆಲಿಫೋನ್ ವೈರು ಕೂಡ ಇತ್ತು. ಮೊದಲ ಎರಡು ವಾರ ನಾನು ಹೊಸದೇನನ್ನೂ ಹಾಕಲಿಲ್ಲ. ಒಂದೊಂದೇ ವೈರಿನ ಎರಡೂ ತುದಿ ಹುಡುಕುವುದು, ಪುಸ್ತಕದಲ್ಲಿ ಬರೆಯುವುದು, ಸತ್ತದ್ದನ್ನು ಎಳೆದು ಹೊರಹಾಕುವುದು. ಕಡೆಗೆ ತೂಕ ಮಾಡಿದರೆ ಏಳು ಕಿಲೋ ಸತ್ತ ವೈರು. ಕ್ಯಾಪ್ಟನ್ನರಿಗೆ ನಂಬಿಕೆ ಬರಲಿಲ್ಲ, ಚೀಲ ತೆರೆದು ನೋಡಿದರು.

ಉಳಿದ ವೈರುಗಳ ತುದಿ ಕತ್ತರಿಸಿದರೆ ಒಳಗೆ ಕಿಲುಬು. ಊರಲ್ಲಿ ಹುಳಿ ತಾಗಿದ ತಾಮ್ರದ ಪಾತ್ರೆಯಲ್ಲಿ ಕಾಣುತ್ತಿದ್ದ ಅದೇ ಹಸಿರು. ಉಪ್ಪಿನ ಗಾಳಿ ರಬ್ಬರಿನ ಒಳಗೇ ನುಗ್ಗಿ ಎಳೆಗಳ ಮೇಲೆ ಗೇಣುಗಟ್ಟಲೆ ಹತ್ತಿರುತ್ತದೆ. ಅದಕ್ಕೆ ಮದ್ದೂ ನಮ್ಮ ಅಡುಗೆಮನೆಯದೇ: ಕಲಾಯಿ. ದೋಣಿಗೆ ಒಂದೊಂದು ಎಳೆಗೂ ಕಲಾಯಿ ಹಾಕಿದ ತಾಮ್ರದ ವೈರು ಬೇಕು. ಲೋಹಾರ್ ಚಾಳಿನಲ್ಲಿ ಎರಡು ದಿನ ಅಲೆದ ಮೇಲೆ ಸಿಕ್ಕಿತು. ಬೆಲೆ ಕೇಳಿ ಕ್ಯಾಪ್ಟನ್ ಒಂದು ಕ್ಷಣ ಸುಮ್ಮನಾದರು.

12 ವೋಲ್ಟಿನ ಲೆಕ್ಕ ಮನೆಯ ಲೆಕ್ಕವಲ್ಲ. 230 ವೋಲ್ಟಿನಲ್ಲಿ ದಾರಿಯಲ್ಲಿ ಎರಡು ವೋಲ್ಟು ಸೋರಿದರೆ ಬಲ್ಬಿಗೆ ಗೊತ್ತೇ ಆಗುವುದಿಲ್ಲ. 12ರಲ್ಲಿ ಎರಡು ಹೋದರೆ ಆರರಲ್ಲೊಂದು ಪಾಲು ಹೋಯಿತು. ಹಾಯಿಕಂಬದ ತುದಿಯಲ್ಲಿದ್ದದ್ದು 25 ವಾಟಿನ ಹಳೆಯ ಬಲ್ಬು, ಅಂದರೆ ಎರಡು ಆಂಪಿಯರ್. ಬ್ಯಾಟರಿಯಿಂದ ಅಲ್ಲಿಗೆ 14 ಮೀಟರು, ಹೋಗಿ ಬರಲು 28. ಒಂದು ಚದರ ಮಿಲಿಮೀಟರ್ ವೈರು ಹೊಸದಾಗಿದ್ದರೂ ಒಂದು ವೋಲ್ಟು ದಾರಿಯಲ್ಲೇ ಖರ್ಚು. ಕಿಲುಬು ಹಿಡಿದ ಜಾಯಿಂಟುಗಳು ಇನ್ನಷ್ಟು ತಿಂದಿದ್ದವು. ಬ್ಯಾಟರಿಯಲ್ಲಿ 12.5 ಇದ್ದಾಗ ಬಲ್ಬಿನ ಹತ್ತಿರ ಮೀಟರು ತೋರಿಸಿದ್ದು 9.9. ಇಂಥ ಬಲ್ಬಿನ ಬೆಳಕು ವೋಲ್ಟಿಗಿಂತ ಬಹಳ ಬೇಗ ಕುಸಿಯುತ್ತದೆ. ಅರ್ಧ ಬೆಳಕೂ ಇರಲಿಲ್ಲ. ದೀಪ ಹಾಕಿದ್ದೇವೆ ಎಂಬ ಧೈರ್ಯದಲ್ಲಿ ಇವರು ಎಷ್ಟು ಸಂಜೆ ಮಾಂಡವಾದಿಂದ ವಾಪಸು ಬಂದಿದ್ದರೋ. ಈಗ ಅಲ್ಲಿ ಎಲ್ಇಡಿ, ಎಳೆಯುವುದು ಕಾಲು ಆಂಪಿಯರ್.

ಆದರೆ ನನ್ನ ನಿದ್ದೆ ಕೆಡಿಸಿದ್ದು ದೀಪವಲ್ಲ, ಬ್ಯಾಟರಿ. ಬಲಗಡೆಯ ಮಂಚದ ಕೆಳಗೆ 100 ಆಂಪಿಯರ್-ಅವರಿನ ಎರಡು ಬ್ಯಾಟರಿ. ಅಲ್ಲಿಂದ ಹೊರಟ ದಪ್ಪ ಪಾಸಿಟಿವ್ ಕೇಬಲ್ಲಿಗೆ ಫ್ಯೂಸೇ ಇರಲಿಲ್ಲ. ಅದು ಹಾದುಹೋಗುವ ಪ್ಲೈವುಡ್ ತೂತಿನಲ್ಲಿ ಎಂಜಿನ್ನಿನ ಅದುರಿಗೆ ಉಜ್ಜಿ ಉಜ್ಜಿ ರಬ್ಬರು ಸವೆದು ತಾಮ್ರ ಇಣುಕುತ್ತಿತ್ತು. ಪಕ್ಕದಲ್ಲೇ, ಬೆರಳಗಲ ದೂರದಲ್ಲಿ, ಎಂಜಿನ್ನಿಗೆ ಸೇರಿದ ಸ್ಟೀಲ್ ಪೈಪು. 12 ವೋಲ್ಟು ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ಹಾಗಾಗಿ ಜನ ಅದನ್ನು ಆಟಿಕೆ ಅಂದುಕೊಳ್ಳುತ್ತಾರೆ. ಇಷ್ಟು ದೊಡ್ಡ ಬ್ಯಾಟರಿ ಶಾರ್ಟ್ ಆದರೆ ಸಾವಿರ ಆಂಪಿಯರಿಗೂ ಮೇಲೆ ಹರಿಯುತ್ತದೆ, ಸ್ಪ್ಯಾನರ್ ವೆಲ್ಡ್ ಆಗಿ ಅಂಟಿಕೊಳ್ಳುವಷ್ಟು.

ಆ ಮಂಚದ ಮೇಲೆ ಮಲಗುವವನು ಯಾರು? ಕ್ಯಾಪ್ಟನ್ ಅಲ್ಲ. ಅವರು ಭಾನುವಾರ ಬಂದು ಸಂಜೆ ಮನೆಗೆ ಹೋಗುತ್ತಾರೆ. ದೋಣಿ ನೀರಿನಲ್ಲಿರುವ ಎಂಟು ತಿಂಗಳೂ ಅಲ್ಲಿ ಮಲಗುವವನು ಹೊನ್ನಾವರದ ಒಬ್ಬ ಹುಡುಗ. ಅಪ್ಪ ಮೀನು ದೋಣಿಯ ತಾಂಡೇಲರಂತೆ. ಇವನು ಹತ್ತೊಂಬತ್ತಕ್ಕೆ ಮುಂಬಯಿಗೆ ಬಂದವನು. ಹಾಯಿ, ಹಗ್ಗ, ಉಬ್ಬರ–ಇಳಿತ ಎಲ್ಲ ಅಂಗೈ ಮೇಲಿನ ಗೆರೆ. ಕರೆಂಟು ಮಾತ್ರ ಹೆದರಿಕೆ. ಕೇಬಲ್ ತೋರಿಸಿ ಹೇಳಿದಾಗ ಬಗ್ಗಿ ನೋಡಿದ.

"ಅಲ್ಲೇ ಬಿಸಿ ಆಗ್ತಿತ್ತು ಅಣ್ಣಾ. ಎಂಜಿನ್ ಬಿಸಿ ಅಂದ್ಕಂಡಿದ್ದೆ."

"ಯಾರಿಗಾದರೂ ಹೇಳಿದ್ಯಾ ತಮಾ?"

"ಹೇಳಿದ್ರೆ ಏನಾದ್ರೂ ಮುಟ್ಟಿದೆ ಅಂತಾರೆ ಅಂತ ಸುಮ್ನಿದ್ದೆ."

ಅಂದೇ ಬ್ಯಾಟರಿ ಕಳಚಿಸಿದೆ. ಈಗ ಬ್ಯಾಟರಿಯ ಕಂಬದಿಂದ ಒಂದು ಗೇಣಿನೊಳಗೆ ದಪ್ಪ ಫ್ಯೂಸು, ಆಮೇಲೆ ಮೇನ್ ಸ್ವಿಚ್ಚು. ಫ್ಯೂಸು ಇರುವುದು ಉಪಕರಣ ಉಳಿಸಲಿಕ್ಕೆ ಎಂದು ಕ್ಯಾಪ್ಟನ್ ಕೂಡ ತಿಳಿದಿದ್ದರು. ಅದು ಇರುವುದು ವೈರನ್ನು ಉಳಿಸಲಿಕ್ಕೆ, ವೈರು ಸುಟ್ಟು ದೋಣಿ ಸುಡದಿರಲಿಕ್ಕೆ. ಬಿಲ್ಜ್ ಪಂಪಿಗೆ ಮಾತ್ರ ಮೇನ್ ಸ್ವಿಚ್ಚಿನ ಹಂಗಿಲ್ಲ. ತನ್ನದೇ ಫ್ಯೂಸಿನೊಂದಿಗೆ ನೇರ ಬ್ಯಾಟರಿಗೆ, ಎಲ್ಲ ಆಫ್ ಮಾಡಿ ಹೋದ ಮೇಲೂ ನೀರು ಏರಿದರೆ ತಾನೇ ಓಡಬೇಕಲ್ಲ. ಜಾಯಿಂಟುಗಳಿಗೆ ಬೆಸುಗೆ ಹಾಕಲಿಲ್ಲ. ಬೆಸುಗೆ ಹಿಡಿದ ಕಡೆ ವೈರು ಸೆಟೆದು ಅದುರಿಗೆ ಅಲ್ಲೇ ಮುರಿಯುತ್ತದೆ. ಲಗ್ಗಿಗೆ ಹಾಕಿ ಒತ್ತಿ, ಮೇಲೆ ಅಂಟಿರುವ ಹೀಟ್-ಶ್ರಿಂಕ್ ತೊಡಿಸಿದ್ದೇನೆ.

ಲೇಬಲ್ ಬಂದಾಗ ಸಣ್ಣ ಜಗಳವಾಯಿತು. ಕ್ಯಾಪ್ಟನ್ ಇಂಗ್ಲಿಷಿನಲ್ಲಿ ಪ್ರಿಂಟ್ ಮಾಡಿಸಿ ತಂದಿದ್ದರು, ಅಂದವಾಗಿಯೇ ಇದ್ದವು. ಹುಡುಗ ಏಳನೇ ಇಯತ್ತೆಯವರೆಗೆ ಕನ್ನಡ ಶಾಲೆ. ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಾನೆ, ಆದರೆ ರಾತ್ರಿ ಎರಡಕ್ಕೆ ನೀರು ಏರುವಾಗ ಕೂಡಿಸುತ್ತ ಕೂರಲು ಆದೀತೇ? "ನಾಳೆ ದೋಣಿ ಮಾರಿದರೆ ಕೊಂಡವನು ಕನ್ನಡ ಹೇಗೆ ಓದುತ್ತಾನೆ?" ಎಂದು ಅವರು. ಅವರ ಮಾತಿನಲ್ಲೂ ನ್ಯಾಯವಿತ್ತು. ಆದರೆ ಮಾರುವುದು ಎಂದೋ, ಇವನು ಮಲಗುವುದು ಇವತ್ತು. ಕಡೆಗೆ ವೈರಿನ ಎರಡೂ ತುದಿಗೆ ಅಂಕಿ ಮಾತ್ರ, 1ರಿಂದ 22. ಪ್ಯಾನೆಲ್ಲಿನ ಬಾಗಿಲ ಒಳಗೆ ಒಂದು ಪಟ್ಟಿ, ಅದರಲ್ಲಿ ಅಂಕಿಗೆ ಎದುರಾಗಿ ಇಂಗ್ಲಿಷು ಮತ್ತು ಕನ್ನಡ. ಕನ್ನಡದ ಕಾಲಂ ಅವನ ಕೈಯಲ್ಲೇ ಬರೆಸಿದೆ. 7ರ ಎದುರು ಬಿಲ್ಜ್ ಪಂಪು ಎಂದು ಬರೆಯಲಿಲ್ಲ, "ನೀರು ಎತ್ತೂದು" ಎಂದು ಬರೆದ. ಹಾಗೇ ಬಿಟ್ಟೆ.

ದೋಣಿ ನೀರಿಗಿಳಿದು ಎರಡು ತಿಂಗಳಾಯಿತು. ಒಂದು ರಾತ್ರಿ ಅವನ ಫೋನು: 7 ಫ್ಯೂಸು ಹಾರಿತ್ತು, ಪಂಪಿನೊಳಗೆ ಹಗ್ಗದ ಚೂರು ಸಿಕ್ಕಿತ್ತು, ತೆಗೆದು ಅದೇ ಅಳತೆಯ ಬೇರೆ ಹಾಕಿದ್ದೇನೆ, ನಡೀತಾ ಇದೆ. ಕೇಳಲಿಕ್ಕೆ ಅಲ್ಲ, ತಿಳಿಸಲಿಕ್ಕೆ ಮಾಡಿದ್ದ.

ಕ್ಯಾಪ್ಟನ್ನರಿಗೆ ಈಗ ಫ್ರಿಜ್ ಬೇಕಂತೆ. ಮೋಟಾರು ಓಡುವಾಗ ನಾಲ್ಕು ಆಂಪಿಯರಿನದು. ಎರಡು ಬ್ಯಾಟರಿಯಲ್ಲಿ ಒಂದು ಎಂಜಿನ್ನಿಗೆ ಮೀಸಲು. ಇನ್ನೊಂದರಲ್ಲಿ ಅರ್ಧಕ್ಕಿಂತ ಕೆಳಗಿಳಿಸಿದರೆ ಬ್ಯಾಟರಿ ಬೇಗ ಸಾಯುತ್ತದೆ. ಉಳಿಯುವ 50ರಲ್ಲಿ ಹುಡುಗನ ಫ್ಯಾನು, ಆಂಕರ್ ದೀಪ, ಪಂಪು ಎಲ್ಲ ನಡೆಯಬೇಕು. ಐಸ್ ಡಬ್ಬ ಕೊಳ್ಳಿ ಎಂದಿದ್ದೇನೆ. ಮಾತುಕತೆ ಇನ್ನೂ ನಡೆದಿದೆ.