ಸುಗಟೂರಿನಿಂದ ಆವನಿಗೆ: ಒಂದು ದಿನದ ಪ್ರವಾಸ

ಸೋದರಿಯರೇ, ಬೇಸಿಗೆ ರಜೆ ಬಂತೆಂದರೆ ಸಾಕು, "ಅಮ್ಮಾ, ಎಲ್ಲಿಗಾದರೂ ಹೋಗೋಣ" ಎಂದು ಮಕ್ಕಳು ಸೆರಗು ಹಿಡಿಯುತ್ತಾರೆ, ಅಲ್ಲವೇ? ಊಟಿ, ಕೊಡೈಕೆನಾಲ್ ಎಂದರೆ ಮನೆಯವರ ಜೇಬನ್ನೂ ನೋಡಬೇಕು. ಬುತ್ತಿ ಕಟ್ಟಿಕೊಂಡು ಹೊರಟು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದಾದ ಊರುಗಳೂ ನಮ್ಮಲ್ಲಿವೆ. ಈ ಸಲ ಕೋಲಾರದ ಕಡೆ ಹೊರಡಿ.

"ಅಯ್ಯೋ, ಆ ಬರದ ಸೀಮೆಗೇ?" ಎನ್ನಬೇಡಿ. ವರ್ಷವಿಡೀ ಹರಿಯುವ ಹೊಳೆ ಈ ಜಿಲ್ಲೆಯಲ್ಲಿ ಒಂದೂ ಇಲ್ಲ, ನಿಜ. ಪಾಲಾರ್ ಕೂಡ ಮಳೆ ಬಂದಾಗ ಮಾತ್ರ ಹೊಳೆ. ಆದರೂ ನಾವು ಸಾರಿಗೆ ಹಾಕುವ ಟೊಮೆಟೊ, ಉಡುವ ರೇಷ್ಮೆ, ಕಾಯಿಸುವ ಹಾಲು, ಬೇಸಿಗೆಯ ಮಾವು, ಎಷ್ಟೋ ಬಾರಿ ಈ ಮಣ್ಣಿನಿಂದಲೇ ಬಂದಿರುತ್ತವೆ. ಬಂಡೆಗುಡ್ಡಗಳ ನಡುವೆ ರಾಗಿ ಹೊಲ, ಹಿಪ್ಪುನೇರಳೆ, ಮಾವಿನ ತೋಪು. ಬಸ್ಸಿನ ಕಿಟಕಿಯಿಂದ ನೋಡುತ್ತಾ ಹೋದರೆ ಬೇಸರವೆಂಬುದೇ ಇಲ್ಲ.

ಕೋಲಾರ ತಾಲ್ಲೂಕಿನ ಸುಗಟೂರು ಈಗ ಒಂದು ಹೋಬಳಿ ಊರು. ವಿಜಯನಗರದ ಕಾಲದಲ್ಲಿ ಈ ಊರಿನ ಹೆಸರು ಹೊತ್ತ ಪಾಳೆಯಗಾರರು ಸುತ್ತಲಿನ ಸೀಮೆಯನ್ನೇ ಆಳಿದರು. ಬೆಂಗಳೂರಿನ ದಾರಿಯಲ್ಲಿ ಸಿಗುವ ಹೊಸಕೋಟೆ ಇದೆಯಲ್ಲ, ಅದರ ಕೋಟೆ ಕಟ್ಟಿಸಿದವನು ಸುಗಟೂರಿನ ತಮ್ಮೇಗೌಡ. ಹದಿನೇಳನೇ ಶತಮಾನದಲ್ಲಿ ಬಿಜಾಪುರದ ಸೈನ್ಯ ಬಂದು, ಕೋಲಾರ ಶಿವಾಜಿಯ ತಂದೆ ಶಹಾಜಿಯ ಜಹಗೀರಿಗೆ ಸೇರಿತು. ಮಕ್ಕಳಿಗೆ ದಾರಿಯಲ್ಲೇ ಈ ಕಥೆ ಹೇಳಿ. ಪಾಠದ ಪುಸ್ತಕಕ್ಕಿಂತ ಚೆನ್ನಾಗಿ ನೆನಪಿರುತ್ತದೆ.

ಕೋಲಾರದ ಪೇಟೆಯಲ್ಲಿ ಕೋಲಾರಮ್ಮನ ಗುಡಿ ನೋಡಿ. ಚೋಳರ ಕಾಲದ ಶಾಸನಗಳಿವೆ. ಒಳಗಿರುವ ಚೇಳಮ್ಮನಿಗೆ ನಡೆದುಕೊಂಡರೆ ಚೇಳಿನ ಕಾಟವಿಲ್ಲವೆಂದು ಹೆಂಗಸರ ನಂಬಿಕೆ. ಅಲ್ಲಿಂದ ಮುಳಬಾಗಿಲು. ಡಿ.ವಿ.ಜಿ. 1887ರಲ್ಲಿ ಹುಟ್ಟಿದ ಊರು. ಹತ್ತಿರದ ಕುರುಡುಮಲೆಯ ಗಣಪತಿ ಹದಿಮೂರೂವರೆ ಅಡಿ ಎತ್ತರ! ಕತ್ತೆತ್ತಿ ನೋಡಿ ಕೈಮುಗಿಯಬೇಕು.

ಇನ್ನು ಮುಳಬಾಗಿಲು ತಾಲ್ಲೂಕಿನ ಆವನಿ. ವಾಲ್ಮೀಕಿಗಳ ಆಶ್ರಮ ಇಲ್ಲಿತ್ತು, ಸೀತಮ್ಮ ಲವಕುಶರನ್ನು ಹೆತ್ತದ್ದು ಇಲ್ಲೇ ಎಂಬುದು ಊರವರ ನಂಬಿಕೆ. ಕೆಳಗೆ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಎಂದು ಅಣ್ಣತಮ್ಮಂದಿರ ಹೆಸರಿನ ಗುಡಿಗಳು ಒಂದೇ ಆವರಣದಲ್ಲಿವೆ; ಗುಡ್ಡದ ಮೇಲೆ ಸೀತೆಯ ಗುಡಿ. ಸಾವಿರ ವರ್ಷಕ್ಕೂ ಹಿಂದೆ ನೊಳಂಬ ಅರಸರು ಕಟ್ಟಿಸಿದ ಕಲ್ಲುಕೆಲಸ ಇಂದೂ ಗಟ್ಟಿಯಾಗಿದೆ. ಸುತ್ತ ಮುರಿದ ಕಂಬ, ಒರಗಿದ ವೀರಗಲ್ಲು. ಬಿಸಿಲೇರುವ ಮುಂಚೆ ಗುಡ್ಡ ಹತ್ತಿ. ಚಪ್ಪಲಿ ಗಟ್ಟಿಯಾಗಿರಲಿ, ನೀರಿನ ಬಾಟಲಿ ಮರೆಯಬೇಡಿ.

ನಾವು ಹೆಂಗಸರು ತಿಳಿಯಬೇಕಾದ ಸಂಗತಿ ಮತ್ತೊಂದಿದೆ. ನೊಳಂಬರ ರಾಣಿ ದೀವಬ್ಬರಸಿ ಆವನಿಯಲ್ಲಿ ದೇವಾಲಯ ಕಟ್ಟಿಸಿದ್ದಷ್ಟೇ ಅಲ್ಲ, ತನ್ನ ಹೆಸರಿನಲ್ಲಿ ಕೆರೆಯನ್ನೂ ಕಟ್ಟಿಸಿದಳೆಂದು ಶಾಸನ ಹೇಳುತ್ತದೆ. ಹೊಳೆಯಿಲ್ಲದ ಸೀಮೆಯಲ್ಲಿ ಕೆರೆಯೇ ಹೊಳೆ ಎಂಬುದು ಆ ತಾಯಿಗೆ ತಿಳಿದಿತ್ತು. ಒಂದರ ಕೋಡಿ ನೀರು ಮುಂದಿನ ಕೆರೆಗೆ ಇಳಿಯುವಂತೆ ಹಿಂದಿನವರು ಈ ಜಿಲ್ಲೆಯಲ್ಲಿ ಸಾಲುಸಾಲಾಗಿ ಕೆರೆ ಕಟ್ಟಿದರು.

ನಾವೇನು ಮಾಡಿದೆವು? ಕಾಲುವೆ ಮುಚ್ಚಿ, ಹೂಳು ತುಂಬಲು ಬಿಟ್ಟು, ಕೊಳವೆಬಾವಿ ಕೊರೆಸಿದೆವು. ಅದು ಸಾವಿರ ಅಡಿ ದಾಟಿತು. ಎಷ್ಟೋ ಕಡೆ ಬಂದ ನೀರಿನಲ್ಲಿ ಫ್ಲೋರೈಡು. ಮಕ್ಕಳ ಹಲ್ಲು ಕಂದಾಗುವುದು, ದೊಡ್ಡವರ ಮೂಳೆ ನೋಯುವುದು ಅದರಿಂದಲೇ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಿಮಾಡಿ, ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಇಲ್ಲಿನ ಕೆರೆಗಳಿಗೆ ಹರಿಸುತ್ತಿದ್ದಾರೆ. ಒಣಗಿದ ಕೆರೆ ತುಂಬಿದಾಗ ರೈತರ ಮುಖ ಅರಳಿತು. ಆದರೆ ಅದೇ ವರ್ಷ ನೊರೆ ಕಂಡು ಜನ ಗಾಬರಿಯಾದರು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಇನ್ನೂ ಒಂದು ಹಂತ ಶುದ್ಧಿಯಾಗಲಿ ಎಂಬ ಬೇಡಿಕೆ ಅಂದಿನಿಂದ ಇದೆ. ಅದು ಅಂತರ್ಜಲ ಹೆಚ್ಚಿಸಲು ಬಿಟ್ಟ ನೀರೇ ಹೊರತು ಕುಡಿಯುವ ನೀರಲ್ಲ. ಮಕ್ಕಳು ಕೆರೆಗಿಳಿದು ಬೊಗಸೆ ಎತ್ತದಂತೆ ನೋಡಿಕೊಳ್ಳಿ.

ಹಿಂತಿರುಗುವಾಗ ಶ್ರೀನಿವಾಸಪುರದ ಮಾವು ಕೊಳ್ಳಿ. ಸೀಕರಣೆಗೆ ರಸಪುರಿ, ಕತ್ತರಿಸಿ ತಿನ್ನಲು ಬಾದಾಮಿ, ಉಪ್ಪುಖಾರ ಹಚ್ಚಲು ತೋತಾಪುರಿ. ಬಲಿತ ಕಾಯಿಯನ್ನೇ ಆರಿಸಿ, ಮನೆಯಲ್ಲಿ ಒಣಹುಲ್ಲಿನಲ್ಲಿಟ್ಟು ಹಣ್ಣು ಮಾಡಿಕೊಂಡರೆ ಪುಡಿ ಹಾಕಿ ಮಾಗಿಸಿದ್ದೆಂಬ ಭಯವಿಲ್ಲ.

ಹಾಗೆಯೇ ನಿಮ್ಮೂರಿನ ಕೆರೆಗೂ ಒಮ್ಮೆ ಹೋಗಿ ಬನ್ನಿ. ಕಾಲುವೆ ತೆರೆದಿದೆಯೇ, ಕಸ ಸುರಿಯುವವರು ಯಾರು, ನೋಡಿ, ಪಂಚಾಯಿತಿಯಲ್ಲಿ ಕೇಳಿ. ದೀವಬ್ಬರಸಿಯಂತೆ ಕೆರೆ ಕಟ್ಟಿಸಲು ನಮ್ಮಿಂದಾಗದಿರಬಹುದು. ಇದ್ದದ್ದನ್ನು ಉಳಿಸಿಕೊಳ್ಳುವುದಂತೂ ಆದೀತು.